72 ಗಂಟೆ ಎಲ್ಲಿಂದ ಎಣಿಸ್ಬೇಕು?

ವಿಟಿಯು ನಮಗೆ ಎಷ್ಟೇ ಕಾಟ ಕೊಟ್ರೂ ಒಂದು ಉಪಕಾರ ಮಾಡಿದೆ. ಸಿಲೆಬಸ್ ಬದಲಾದ್ರೆ ಅದಕ್ಕೊಂದು ಹೆಸರು ಇಡುತ್ತೆ. 2018 ಸ್ಕೀಮ್, 2021 ಸ್ಕೀಮ್, 2022 ಸ್ಕೀಮ್. ಸೀನಿಯರ್ ಹತ್ರ ನೋಟ್ಸ್ ಇಸ್ಕೊಂಡಾಗ ನಾವು ಮೊದಲು ನೋಡೋದು ಸಬ್ಜೆಕ್ಟ್ ಕೋಡ್. 18 ಅಂತ ಶುರುವಾದ್ರೆ ಅದು ಹಳೇದು, 21 ಅಂದ್ರೆ ಅದರ ನಂತರದ್ದು. ಯಾವ ಬ್ಯಾಚಿಗೆ ಯಾವ ನಿಯಮ ಅನ್ನೋದು ಸ್ಪಷ್ಟ. ಬೈಕೋಬಹುದು, ಆದ್ರೆ ಗೊಂದಲ ಮಾಡ್ಕೊಳ್ಳೋಕೆ ಆಗಲ್ಲ.

2020ರಿಂದ 2023ರವರೆಗೆ ಹೊರದೇಶಕ್ಕೆ ಹೊರಟ ವಿದ್ಯಾರ್ಥಿಗಳಿಗೆ ಈ ಭಾಗ್ಯ ಇರಲಿಲ್ಲ. ಒಂದೇ ಪ್ರಯಾಣಕ್ಕೆ ಭಾರತ ಸರ್ಕಾರದ ನಿಯಮ, ಕರ್ನಾಟಕದ ನಿಯಮ, ಹೋಗೋ ದೇಶದ ನಿಯಮ, ನಡುವೆ ವಿಮಾನ ಬದಲಿಸೋ ದೇಶದ ನಿಯಮ, ವಿಮಾನ ಕಂಪನಿಯ ನಿಯಮ, ಸೇರೋ ವಿಶ್ವವಿದ್ಯಾಲಯದ ನಿಯಮ, ಹೀಗೆ ಆರು ಕಡೆಯಿಂದ ಆರು ಕಾಗದ. ಆರೂ ಬೇರೆ ಬೇರೆ ದಿನ ಬದಲಾಗ್ತಿದ್ವು. ಅದನ್ನೆಲ್ಲ ಹಿಂಬಾಲಿಸೋ ಕೆಲಸ ಯಾರದ್ದು? ಯಾರೂ ಹೇಳದೇನೇ ಅದು ಇಪ್ಪತ್ತೆರಡು ವರ್ಷದ ವಿದ್ಯಾರ್ಥಿಯ ಹೆಗಲಿಗೆ ಬಂತು.

ನನ್ನ ವಾದ ಇಷ್ಟೇ. ಸೋಂಕಿನ ಕಾಲದಲ್ಲಿ ನಿಯಮ ಬದಲಾಗೋದು ತಪ್ಪಲ್ಲ, ವೈರಸ್ಸೇ ಬದಲಾಗ್ತಿತ್ತು. ಆದ್ರೆ ಬದಲಾದದ್ದನ್ನ ತಿಳ್ಕೊಳ್ಳೋ ಖರ್ಚನ್ನ ಒಬ್ಬೊಬ್ಬರೇ ಹೊರಬೇಕು ಅನ್ನೋದು ತಪ್ಪು. ಯಾಕಂದ್ರೆ ಆ ಖರ್ಚು ಎಲ್ಲರಿಗೂ ಒಂದೇ ಅಲ್ಲ.

ಅಬಲೂರಿನಿಂದ ಟೊರಾಂಟೊಗೆ

ನಮ್ಮೂರು ಹಿರೇಕೆರೂರು ತಾಲೂಕಿನ ಅಬಲೂರು. ಸರ್ವಜ್ಞನ ಊರು ಅಂದ್ರೆ ಬೇಗ ಗೊತ್ತಾಗುತ್ತೆ. (ಮಾಸೂರಿನವರು ಸ್ವಲ್ಪ ತಕರಾರು ತೆಗೀತಾರೆ, ಅದು ಬೇರೆ ಲೇಖನಕ್ಕೆ ಇರಲಿ.) ಊರೂರು ತಿರುಗಿ, ಕಂಡೋರಿಂದೆಲ್ಲ ಕಲಿತ ಅಂತ ಹೆಸರಾದ ಕವಿ ಅವನು. ಅವನಿಗೆ ಪಾಸ್ ಬೇಕಿರಲಿಲ್ಲ, ಆರ್‌ಟಿಪಿಸಿಆರ್ ಬೇಕಿರಲಿಲ್ಲ.

ಈಗ ಒಂದು ಲೆಕ್ಕ ಮಾಡೋಣ. 2021ರಲ್ಲಿ ಅಬಲೂರಿನ ಹುಡುಗಿಯೊಬ್ಬಳಿಗೆ ಟೊರಾಂಟೊದಲ್ಲಿ ಎಂಎಸ್ ಸೀಟು ಸಿಕ್ಕಿದೆ ಅಂದ್ಕೊಳ್ಳಿ. ಕ್ಲಾಸು ಸೆಪ್ಟೆಂಬರ್‌ನಲ್ಲಿ ಶುರು. ಹುಡುಗಿ ಕಲ್ಪನೆ, ಮುಂದೆ ಬರೋ ನಿಯಮ ಮತ್ತು ದಿನಾಂಕ ಎಲ್ಲಾ ನಿಜ.

ಏಪ್ರಿಲ್ 22ರಂದು ಕೆನಡಾ ಭಾರತದಿಂದ ಬರೋ ವಿಮಾನಗಳನ್ನ 30 ದಿನಕ್ಕೆ ನಿಲ್ಲಿಸಿತು. ಅದು ಮುಗೀತಾ? ಇಲ್ಲ, ಜೂನ್ 21ಕ್ಕೆ ಹೋಯ್ತು. ಆಮೇಲೆ ಜುಲೈ 21, ಆಮೇಲೆ ಆಗಸ್ಟ್ 21, ಆಮೇಲೆ ಸೆಪ್ಟೆಂಬರ್ 21, ಕೊನೆಗೆ ಸೆಪ್ಟೆಂಬರ್ 26. ಪ್ರತಿ ತಿಂಗಳೂ ಅವಧಿ ಮುಗಿಯೋ ಹೊತ್ತಿಗೆ ಮತ್ತೊಂದು ಪ್ರಕಟಣೆ. ಟಿಕೆಟ್ ಬುಕ್ ಮಾಡ್ಬೇಕಾ, ಕಾಯ್ಬೇಕಾ? ಮೂರನೇ ದೇಶದ ಮೂಲಕ ಹೋಗಬಹುದಿತ್ತು, ಆದ್ರೆ ಆ ಮೂರನೇ ದೇಶದಲ್ಲೇ ಪರೀಕ್ಷೆ ಮಾಡಿಸಿ ನೆಗೆಟಿವ್ ವರದಿ ತಗೊಂಡು ಹತ್ತಬೇಕಿತ್ತು. ಅಂದ್ರೆ ಆ ದೇಶದ ವೀಸಾ, ಹೋಟೆಲ್, ಲ್ಯಾಬ್ ಎಲ್ಲಾ ಬೇಕು. ಹೀಗೆ ದುಡ್ಡು ಸುರಿದು ಸುತ್ತಿ ಹೋದವರು ಬಹಳ ಜನ ಇದ್ದಾರೆ.

ಇತ್ತ ಲಸಿಕೆ. 18 ದಾಟಿದವರಿಗೆ ಬಾಗಿಲು ತೆರೆದದ್ದು ಮೇ 1ಕ್ಕೆ. ಕೋವಿಶೀಲ್ಡ್ ಎರಡು ಡೋಸ್ ನಡುವೆ ಮೊದಲು 4 ವಾರ ಅಂತಿತ್ತು, ಮಾರ್ಚ್‌ನಲ್ಲಿ 8 ವಾರದವರೆಗೆ ಹೋಯ್ತು, ಮೇ 13ಕ್ಕೆ 12ರಿಂದ 16 ವಾರ ಆಯ್ತು. ಜೂನ್ ಮೊದಲ ವಾರ ಮೊದಲ ಡೋಸ್ ಹಾಕಿಸಿಕೊಂಡರೆ ಎರಡನೇದು ಆಗಸ್ಟ್ ಕೊನೆಗೆ ಅಥವಾ ಅದಕ್ಕೂ ತಡ. ಜೂನ್ 7ಕ್ಕೆ ಕೇಂದ್ರ ಒಂದು ವಿನಾಯಿತಿ ಕೊಟ್ಟಿತು: ಓದೋಕೆ, ಕೆಲಸಕ್ಕೆ, ಟೋಕಿಯೊ ಒಲಿಂಪಿಕ್ಸ್‌ಗೆ ಹೋಗೋರು 28 ದಿನ ಆದ್ಮೇಲೆ ಎರಡನೇ ಡೋಸ್ ಹಾಕಿಸಿಕೊಳ್ಳಬಹುದು, ಸರ್ಟಿಫಿಕೇಟಿನಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಇರಬೇಕು. ಒಳ್ಳೇ ನಿರ್ಧಾರ. ಆದ್ರೆ ಈ ವಿನಾಯಿತಿ ಇದೆ ಅಂತ ಗೊತ್ತಿದ್ದೋರಿಗೆ ಮಾತ್ರ ಅದು ವಿನಾಯಿತಿ. ಗೊತ್ತಿಲ್ಲದೋರಿಗೆ 84 ದಿನ 84 ದಿನವೇ.

ಸೆಪ್ಟೆಂಬರ್ 27ರಿಂದ ನೇರ ವಿಮಾನ ಮತ್ತೆ ಶುರುವಾದಾಗ ಕೆನಡಾ ಹೊಸ ಷರತ್ತು ಹಾಕಿತು. ದೆಹಲಿ ವಿಮಾನ ನಿಲ್ದಾಣದಲ್ಲಿರೋ ಒಂದೇ ಒಂದು ನಿಗದಿತ ಲ್ಯಾಬಿನ ವರದಿ ಬೇಕು, ಅದೂ ವಿಮಾನ ಹೊರಡೋ 18 ಗಂಟೆಯೊಳಗೆ ಕೊಟ್ಟ ಸ್ಯಾಂಪಲ್‌ದು. ನಮ್ಮ ಹುಡುಗಿ ರಾಣೆಬೆನ್ನೂರಿಗೆ ಬಂದು, ರೈಲೋ ಬಸ್ಸೋ ಹಿಡಿದು ಮುನ್ನೂರು ಕಿಲೋಮೀಟರ್ ದಾಟಿ ಬೆಂಗಳೂರು ಸೇರಿ, ಅಲ್ಲಿಂದ ದೆಹಲಿಗೆ ಹೋಗಿ, ಸ್ಯಾಂಪಲ್ ಕೊಟ್ಟು, ವರದಿಗೆ ಕಾಯಬೇಕು. ವರದಿ ಪಾಸಿಟಿವ್ ಬಂದ್ರೆ? ಗೊತ್ತಿರೋರು ಯಾರೂ ಇಲ್ಲದ ಊರಲ್ಲಿ ಎಲ್ಲಿ ಇರಬೇಕು? ದೆಹಲಿಯಲ್ಲೇ ಮನೆ ಇರೋ ಹುಡುಗನಿಗೂ ಇವಳಿಗೂ ನಿಯಮ ಒಂದೇ, ಖರ್ಚು ಒಂದೇ ಅಲ್ಲ ಅಂದದ್ದು ಇದಕ್ಕೆ.

ಒಂದು ದಿನ ಅಂದ್ರೆ 24 ಗಂಟೆ ಅಲ್ಲ

ನಿಯಮ ಓದೋದೇ ಒಂದು ವಿದ್ಯೆ. 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ಅಂತ ಬರೆದಿದ್ರೆ ಎಣಿಕೆ ಶುರುವಾಗೋದು ಎಲ್ಲಿಂದ? ಸ್ಯಾಂಪಲ್ ಕೊಟ್ಟಾಗಿಂದಲೋ, ವರದಿ ಬಂದಾಗಿಂದಲೋ? ಮುಗಿಯೋದು ಎಲ್ಲಿಗೆ? ಮೊದಲ ವಿಮಾನ ಹತ್ತೋವರೆಗೋ, ಕೊನೇ ವಿಮಾನ ಇಳಿಯೋವರೆಗೋ? ನಮಗಿದು ಅಪರಿಚಿತ ಪ್ರಶ್ನೆ ಅಲ್ಲ. ಅರೇ ಸೊನ್ನೆಯಿಂದ ಶುರುನಾ ಒಂದರಿಂದಾನಾ, ಲೂಪಿನಲ್ಲಿ ಕೊನೇ ಅಂಕಿ ಸೇರುತ್ತಾ ಇಲ್ವಾ ಅಂತ ಲ್ಯಾಬಿನಲ್ಲಿ ದಿನಾ ತಲೆ ಕೆಡಿಸ್ಕೊಳ್ತೀವಿ. ಅಲ್ಲಿ ಎಡವಿದ್ರೆ ಔಟ್‌ಪುಟ್ ತಪ್ಪು ಬರುತ್ತೆ. ಇಲ್ಲಿ ಎಡವಿದ್ರೆ ಸೆಮಿಸ್ಟರ್ ಹೋಗುತ್ತೆ.

ಅಮೆರಿಕ 2021ರ ಡಿಸೆಂಬರ್ 6ರಿಂದ, ಲಸಿಕೆ ಆಗಿದ್ರೂ ಆಗದಿದ್ರೂ, ಹೊರಡೋ ಒಂದು ದಿನದೊಳಗಿನ ಪರೀಕ್ಷೆ ಬೇಕು ಅಂತು. ಒಂದು ದಿನ ಅಂದ್ರೆ 24 ಗಂಟೆ ಅಲ್ಲ, ಹಿಂದಿನ ಕ್ಯಾಲೆಂಡರ್ ದಿನ ಅಂತ ಅವರೇ ವಿವರಿಸಿದ್ರು. ಶುಕ್ರವಾರ ರಾತ್ರಿ ವಿಮಾನ ಇದ್ರೆ ಗುರುವಾರ ಬೆಳಿಗ್ಗೆ ಮಾಡಿಸಿದ್ದೂ ನಡೆಯುತ್ತೆ. ಇದು ಪ್ರಯಾಣಿಕನಿಗೆ ಅನುಕೂಲ ಮಾಡಿಕೊಟ್ಟ ವ್ಯಾಖ್ಯೆ. ಆದ್ರೆ ಸಣ್ಣಕ್ಷರ ಓದದವರು ಗಡಿಬಿಡಿಯಲ್ಲಿ ದುಬಾರಿ ಪರೀಕ್ಷೆಗೆ ಓಡೋದು ಖಚಿತ. ಯುಎಇ ಲೆಕ್ಕವೇ ಬೇರೆ. 2021ರ ಆಗಸ್ಟ್‌ನಲ್ಲಿ ಬಾಗಿಲು ತೆರೆದಾಗ 48 ಗಂಟೆಯೊಳಗಿನ ಒಂದು ವರದಿ, ಅದರ ಮೇಲೆ ವಿಮಾನ ನಿಲ್ದಾಣದಲ್ಲೇ ಇನ್ನೊಂದು ರ‍್ಯಾಪಿಡ್ ಪರೀಕ್ಷೆ. ಅದನ್ನ ಮೊದಲು 4 ಗಂಟೆಯೊಳಗೆ ಅಂದ್ರು, ಕೆಲವೇ ದಿನದಲ್ಲಿ 6 ಗಂಟೆ ಮಾಡಿದ್ರು.

ಬ್ರಿಟನ್ ಕಥೆ ಇನ್ನೂ ಸ್ವಾರಸ್ಯ. 2021ರ ಸೆಪ್ಟೆಂಬರ್ 17ಕ್ಕೆ ಹೊಸ ನಿಯಮ ಘೋಷಿಸಿದಾಗ ಪುಣೆಯಲ್ಲಿ ತಯಾರಾಗೋ ಕೋವಿಶೀಲ್ಡ್ ಅವರ ಪಟ್ಟಿಯಲ್ಲಿ ಇರಲಿಲ್ಲ. ಅದು ಅವರದೇ ಆಕ್ಸ್‌ಫರ್ಡ್-ಆಸ್ಟ್ರಜೆನೆಕಾ ಲಸಿಕೆ, ಬಾಟಲಿ ಮಾತ್ರ ನಮ್ಮದು. ಗಲಾಟೆ ಆದ್ಮೇಲೆ 22ಕ್ಕೆ ಲಸಿಕೆಯ ಹೆಸರು ಸೇರಿಸಿದ್ರು, ಆದ್ರೆ ಪ್ರಮಾಣಪತ್ರ ಒಪ್ಪೋ ದೇಶಗಳ ಪಟ್ಟಿಯಲ್ಲಿ ಭಾರತ ಇರಲಿಲ್ಲ. ಅಂದ್ರೆ ಎರಡೂ ಡೋಸ್ ಆದವನೂ 10 ದಿನ ಕ್ವಾರಂಟೈನ್. ಅಕ್ಟೋಬರ್ 4ರಿಂದ ಭಾರತವೂ ಬ್ರಿಟಿಷ್ ಪ್ರಜೆಗಳಿಗೆ ಅದನ್ನೇ ಹಾಕಿತು. 11ಕ್ಕೆ ಅವರು ಸಡಿಲಿಸಿದ್ರು, 13ಕ್ಕೆ ನಾವು ವಾಪಸ್ ತಗೊಂಡ್ವಿ. ಒಂದೇ ಮನುಷ್ಯ, ಒಂದೇ ತೋಳು, ಒಂದೇ ಲಸಿಕೆ. ನಾಲ್ಕು ವಾರದೊಳಗೆ ಮೂರು ಉತ್ತರ. ಕೋವ್ಯಾಕ್ಸಿನ್ ಹಾಕಿಸಿಕೊಂಡವರು ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆಗೆ ನವೆಂಬರ್ 3ರವರೆಗೆ ಕಾಯ್ದರು. ಹತ್ತಿರದ ಕೇಂದ್ರದಲ್ಲಿ ಆ ದಿನ ಯಾವ ಬಾಟಲಿ ಇತ್ತು ಅನ್ನೋದು ಒಬ್ಬನ ಅಡ್ಮಿಷನ್ ತೀರ್ಮಾನಿಸೋ ಸ್ಥಿತಿ ಇತ್ತು.

ಕೊನೇ ಮಾತು ಯಾರದ್ದು?

ಇಷ್ಟೆಲ್ಲ ಓದಿದ ಮೇಲೂ ಕೊನೇ ಮಾತು ಸರ್ಕಾರದ ಪ್ರಕಟಣೆಯದ್ದಲ್ಲ, ಚೆಕ್-ಇನ್ ಕೌಂಟರಿನಲ್ಲಿ ಕೂತವರದ್ದು. ಬಹಳ ಜನಕ್ಕೆ ಇದು ಗೊತ್ತಿಲ್ಲ. ಸರಿಯಾದ ಕಾಗದ ಇಲ್ಲದ ಪ್ರಯಾಣಿಕನನ್ನ ಕರ್ಕೊಂಡು ಬಂದ್ರೆ ಹಲವು ದೇಶಗಳು ವಿಮಾನ ಕಂಪನಿಗೇ ದಂಡ ಹಾಕ್ತವೆ, ವಾಪಸ್ ಕರ್ಕೊಂಡು ಹೋಗೋ ಹೊಣೆಯೂ ಅದರದ್ದೇ. ಹಾಗಾಗಿ ಸಂಶಯ ಬಂದ್ರೆ ಕಂಪನಿ ಹತ್ತಿಸಲ್ಲ. ಅವರು ನೋಡೋದು ಟಿಮ್ಯಾಟಿಕ್ ಅನ್ನೋ ದತ್ತಾಂಶವನ್ನ. ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘ ಐಯಾಟಾ ನಡೆಸೋ ವ್ಯವಸ್ಥೆ ಅದು. ಯಾವ ಪಾಸ್‌ಪೋರ್ಟಿನವರು ಯಾವ ದೇಶಕ್ಕೆ ಹೋಗೋಕೆ ಏನೇನು ಬೇಕು ಅನ್ನೋದು ಅದರಲ್ಲಿರುತ್ತೆ.

ಇದರಲ್ಲಿ ಗಮನಿಸಬೇಕಾದ ಒಂದು ವಿಷಯ ಇದೆ. ಕಂಪನಿಗಳಿಗೆ ಈ ಗೊಂದಲ ಬಗೆಹರಿಸೋಕೆ ಒಂದು ಸಾಮೂಹಿಕ ವ್ಯವಸ್ಥೆ ಇದೆ. ಒಂದೊಂದು ಕಂಪನಿಯೂ ಪ್ರಪಂಚದ ಎಲ್ಲಾ ದೇಶದ ಆದೇಶ ಓದ್ತಾ ಕೂರಲ್ಲ, ಒಬ್ಬರು ಓದಿ ಒಂದು ಕಡೆ ಇಡ್ತಾರೆ, ಎಲ್ಲರೂ ಬಳಸ್ತಾರೆ. ವಿದ್ಯಾರ್ಥಿಗಳಿಗೆ? ವಾಟ್ಸ್ಆ್ಯಪ್ ಫಾರ್ವರ್ಡ್. ದಿನಾಂಕ ಇರಲ್ಲ, ಮೂಲ ಇರಲ್ಲ. ಯಾರೋ ಮೂರು ವಾರದ ಹಿಂದೆ ಬರೆದದ್ದು ಇವತ್ತು ನಿಮ್ಮ ಗುಂಪಿಗೆ ಹೊಸ ಸುದ್ದಿಯಾಗಿ ಬಂದು ಬೀಳುತ್ತೆ.

ಹೊರದೇಶ ಅಂದ್ರೆ ತಲಪಾಡಿಯೂ ಹೌದು

ಇದೆಲ್ಲ ಎಂಎಸ್‌ಗೆ ಹೋಗೋ ಅನುಕೂಲಸ್ಥರ ಸಮಸ್ಯೆ ಅನ್ನೋರಿಗೆ ಕಾಸರಗೋಡು ನೆನಪಿಸ್ತೀನಿ. ಅಲ್ಲಿನ ಕನ್ನಡದ ಹುಡುಗ ಹುಡುಗಿಯರಿಗೆ ಕಾಲೇಜು ಅಂದ್ರೆ ಮಂಗಳೂರು. ಬೆಳಿಗ್ಗೆ ಬಸ್ ಹತ್ತಿ ಸಂಜೆ ಮನೆಗೆ ಬರೋ ದೂರ. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಆಂಬುಲೆನ್ಸ್ ವಿಷಯವೇ ಕೋರ್ಟು ಹತ್ತಿತ್ತು. 2021ರಲ್ಲಿ ಕೇರಳದಿಂದ ಬರೋರಿಗೆ 72 ಗಂಟೆಯೊಳಗಿನ ವರದಿ ಕಡ್ಡಾಯ ಆಯ್ತು. ದಿನಾ ಓಡಾಡೋ ವಿದ್ಯಾರ್ಥಿಗಳಿಗೆ ಹದಿನೈದು ದಿನಕ್ಕೊಮ್ಮೆ ಪರೀಕ್ಷೆ ಅಂದ್ರು, ಮತ್ತೆ ಬಿಗಿ ಮಾಡಿದ್ರು, ಮತ್ತೆ ಸಡಿಲಿಸಿದ್ರು. ಪಾಸ್‌ಪೋರ್ಟೇ ಇಲ್ಲದ ಹುಡುಗರು ಪಕ್ಕದೂರಿನ ಕ್ಲಾಸಿಗೆ ಹೋಗೋಕೆ ಅಂತರರಾಷ್ಟ್ರೀಯ ಪ್ರಯಾಣಿಕರ ಥರ ಆದೇಶ ಹುಡುಕ್ಬೇಕಾಯ್ತು.

ಹೋದವರಿಗೆ ವಾಪಸ್ ಬರೋಕೂ, ಬಂದವರಿಗೆ ವಾಪಸ್ ಹೋಗೋಕೂ ಇದೇ ಪಾಡು. ಚೀನಾದಲ್ಲಿ ವೈದ್ಯಕೀಯ ಓದ್ತಿದ್ದ ಭಾರತದ ವಿದ್ಯಾರ್ಥಿಗಳು 2020ರ ಆರಂಭದಲ್ಲಿ ಊರಿಗೆ ಬಂದವರು, ವೀಸಾ ಮತ್ತೆ ಶುರುವಾಗೋಕೆ 2022ರ ಆಗಸ್ಟ್‌ವರೆಗೆ ಕಾಯ್ದರು. ಎರಡೂವರೆ ವರ್ಷ ಮೊಬೈಲಿನಲ್ಲಿ ವೈದ್ಯಕೀಯ ಓದಿದ್ದು. ಅಷ್ಟು ದಿನವೂ ಅವರಿಗೆ ಬೇಕಿದ್ದದ್ದು ಆಗುತ್ತೆ ಅನ್ನೋ ಸಮಾಧಾನದ ಮಾತಲ್ಲ, ಯಾವಾಗ ಅನ್ನೋ ದಿನಾಂಕ.

ನಮ್ಮ ಹಾವೇರಿ ಜಿಲ್ಲೆಯಲ್ಲಿ ಈ ವಿಷಯ ಮಾತಾಡುವಾಗ ಒಂದು ಹೆಸರು ಎಲ್ಲರ ಮನಸ್ಸಿಗೂ ಬರುತ್ತೆ. ರಾಣೆಬೆನ್ನೂರು ತಾಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ದಾಳಿಗೆ ಬಲಿಯಾದ. ಅದು ಯುದ್ಧ, ಕೋವಿಡ್ ಅಲ್ಲ. ಆ ಸಾವಿಗೆ ಯಾವ ಸುತ್ತೋಲೆಯನ್ನೂ ಹೊಣೆ ಮಾಡೋಕೆ ನಾನು ಹೊರಟಿಲ್ಲ. ಆದ್ರೆ ಅದರ ಹಿಂದಿನ ಎರಡು ವಾರದ ದಿನಾಂಕ ನೋಡಿ. ಫೆಬ್ರವರಿ 15ಕ್ಕೆ ರಾಯಭಾರ ಕಚೇರಿ ಹೇಳಿದ್ದು, ಇರಲೇಬೇಕಾದ ಅಗತ್ಯ ಇಲ್ಲದವರು ತಾತ್ಕಾಲಿಕವಾಗಿ ಹೊರಡೋದನ್ನ ಯೋಚಿಸಬಹುದು ಅಂತ. ಕೋವಿಡ್ ಕಾಲದ ಏರ್ ಬಬಲ್ ಒಪ್ಪಂದದಲ್ಲಿ ಉಕ್ರೇನ್ ವಿಮಾನಗಳ ಮೇಲಿದ್ದ ಸಂಖ್ಯೆಯ ಮಿತಿ ತೆಗೆದದ್ದು 17ಕ್ಕೆ. ಆನ್‌ಲೈನ್ ಕ್ಲಾಸಿನ ಬಗ್ಗೆ ವಿಶ್ವವಿದ್ಯಾಲಯದ ಖಾತ್ರಿಗೆ ಕಾಯದೇ ಹೊರಡಿ ಅಂತ ಸ್ಪಷ್ಟವಾಗಿ ಹೇಳಿದ್ದು 22ಕ್ಕೆ. ಯುದ್ಧ ಶುರುವಾದದ್ದು 24ಕ್ಕೆ. ಹಾಜರಾತಿ ಹೋಗುತ್ತಾ, ಟಿಕೆಟ್ ಸಿಗುತ್ತಾ, ಯೋಚಿಸಬಹುದು ಅಂದ್ರೆ ಹೋಗಿ ಅಂತಲೋ ಇರಿ ಅಂತಲೋ? ಇವನ್ನೆಲ್ಲ ಕೂತು ಅರ್ಥ ಮಾಡ್ಕೊಳ್ಳೋ ಕೆಲಸ ಅಲ್ಲೂ ವಿದ್ಯಾರ್ಥಿಗಳದ್ದೇ ಆಗಿತ್ತು. ಸರ್ಕಾರಿ ಭಾಷೆಯ ಒಂದು ಕ್ರಿಯಾಪದ ಎಷ್ಟು ತೂಕದ್ದು ಅಂತ ನಮ್ಮ ಜಿಲ್ಲೆಗೆ ಬೇರೆಯವರು ಹೇಳಿಕೊಡಬೇಕಿಲ್ಲ.

ಹಾಗಾದ್ರೆ ಏನು ಮಾಡೋಣ?

ಮೊದಲನೇದು, ಸರ್ಕಾರದಿಂದ ಕೇಳಬೇಕಾದ್ದು. ಪ್ರತಿ ಆದೇಶದ ತಲೆಯಲ್ಲಿ ನಾಲ್ಕು ಸಾಲು ಇರಲಿ: ಇದು ಎಷ್ಟನೇ ಆವೃತ್ತಿ, ಯಾವ ದಿನ ಎಷ್ಟು ಗಂಟೆಯಿಂದ ಜಾರಿ, ಹಿಂದಿನ ಯಾವ ಆದೇಶ ರದ್ದಾಯ್ತು, ಹಿಂದಿನದಕ್ಕಿಂತ ಏನು ಬದಲಾಯ್ತು. ನಾವು ಗಿಟ್‌ಹಬ್‌ನಲ್ಲಿ ಎರಡು ಸಾಲಿನ ಕೋಡ್ ಬದಲಿಸಿದ್ರೂ ಏನು ಮಾಡಿದ್ವಿ ಅಂತ ಕಮಿಟ್ ಮೆಸೇಜ್ ಬರೀತೀವಿ. ಲಕ್ಷಾಂತರ ಜನರ ಪ್ರಯಾಣ ಬದಲಿಸೋ ಆದೇಶಕ್ಕೆ ಅಷ್ಟಾದ್ರೂ ಬೇಡವಾ?

ಎರಡನೇದು, ಅದೇ ದಿನ ಕನ್ನಡದಲ್ಲೂ ಬರಲಿ. ಲಸಿಕೆ ಶುರುವಾದದ್ದು 2021ರ ಜನವರಿ 16ಕ್ಕೆ, ಕೋವಿನ್‌ನಲ್ಲಿ ಕನ್ನಡ ಬಂದದ್ದು ಜೂನ್‌ನಲ್ಲಿ. ಹೊರಗಿಂದ ಬರೋರು ತುಂಬಬೇಕಿದ್ದ ಏರ್ ಸುವಿಧಾ ಫಾರ್ಮಿನ ಇಂಗ್ಲಿಷ್ ನಮಗೆ ಓದೋಕೆ ಬರಬಹುದು. ಆದ್ರೆ ಮಗಳನ್ನ ಕಳಿಸೋಕೆ ಹೊಲ ಅಡ ಇಟ್ಟ ಅಪ್ಪನಿಗೂ ಗೊತ್ತಾಗಬೇಕಲ್ವಾ, ವಿಮಾನ ಯಾಕೆ ಮುಂದಕ್ಕೆ ಹೋಯ್ತು, ಇನ್ನೂ ಎಷ್ಟು ದುಡ್ಡು ಬೇಕು, ಏಜೆಂಟ್ ಹೇಳ್ತಿರೋದು ನಿಜವಾ ಅಂತ? "ಮತ್ಯಾಕ್ ಟೆಸ್ಟ್ ಮಾಡಿಸ್ಬೇಕಂತ, ಮೊನ್ನೆ ಆಗೇತಲ್ಲ?" ಅಂತ ಮನೆಯವರು ಕೇಳಿದ್ರೆ ಅದು ಅಜ್ಞಾನ ಅಲ್ಲ. ಅವರ ಭಾಷೆಯಲ್ಲಿ ಯಾರೂ ಉತ್ತರ ಕೊಟ್ಟಿಲ್ಲ ಅಷ್ಟೇ.

ಮೂರನೇದು, ನಾವೇ ಮಾಡಬಹುದಾದ್ದು. ಕನ್ನಡ ಸಂಘ ಅಂದ್ರೆ ನವೆಂಬರ್ 1ಕ್ಕೆ ಬಾವುಟ, ಶಾಲು, ಒಂದು ಆರ್ಕೆಸ್ಟ್ರಾ ಅಷ್ಟೇ ಆಗಬೇಕಿಲ್ಲ. ಪ್ರತಿ ವರ್ಷ ನಮ್ಮ ಕಾಲೇಜಿನಿಂದ ಹೊರಗೆ ಹೋಗೋರು ಇದ್ದೇ ಇರ್ತಾರೆ. ಹೋಗೋ ದೇಶಕ್ಕೊಂದು ಪುಟ, ಕನ್ನಡದಲ್ಲಿ. ಮೇಲೆ ಕೊನೆಯ ಸಲ ಪರಿಶೀಲಿಸಿದ ದಿನಾಂಕ ಮತ್ತು ಮೂಲ ಆದೇಶದ ಕೊಂಡಿ. ಕೆಳಗೆ ಹೋದ ಸೀನಿಯರ್‌ಗಳ ಅನುಭವ, ತಿಂಗಳು ವರ್ಷ ಸಮೇತ. ದಿನಾಂಕ ಇಲ್ಲದ ಮಾಹಿತಿಯನ್ನ ಹಾಕಬಾರದು ಅನ್ನೋ ಒಂದೇ ನಿಯಮ ಸಾಕು. ಇಬ್ಬರು ಮೂರು ಜನ ವಾರಕ್ಕೆ ಒಂದು ಗಂಟೆ ಕೊಟ್ರೆ ಆಗೋ ಕೆಲಸ ಇದು.

ಆಕ್ಷೇಪಣೆಗಳು

"ಕನ್ಸಲ್ಟೆನ್ಸಿಯವರು ನೋಡ್ಕೋತಾರೆ" ಅನ್ನಬಹುದು. ನೋಡ್ಕೋಬಹುದು. ಆದ್ರೆ ಹಲವರಿಗೆ ನಿಮ್ಮನ್ನ ಸೇರಿಸಿದ್ದಕ್ಕೆ ಕಮಿಷನ್ ಸಿಗುತ್ತೆ, ಈ ಸೆಮಿಸ್ಟರ್ ಬಿಟ್ಟು ಮುಂದಿನದಕ್ಕೆ ಹೋಗು ಅಂತ ಹೇಳಿದ್ದಕ್ಕೆ ಸಿಗಲ್ಲ. ಕಷ್ಟದ ನಿರ್ಧಾರದ ಹೊತ್ತಿಗೆ ಅವರ ಲಾಭ ಮತ್ತು ನಿಮ್ಮ ಲಾಭ ಒಂದೇ ದಿಕ್ಕಿಗೆ ಇರಬೇಕು ಅಂತೇನಿಲ್ಲ.

"ನಾವು ತಪ್ಪು ಹಾಕಿದ್ರೆ ಯಾರು ಹೊಣೆ?" ಇದು ನ್ಯಾಯವಾದ ಪ್ರಶ್ನೆ. ಅದಕ್ಕೇ ಮೂಲದ ಕೊಂಡಿ ಮತ್ತು ದಿನಾಂಕ ಬೇಕು ಅಂದದ್ದು. ನಮ್ಮ ಪುಟ ಆದೇಶದ ಬದಲಿ ಅಲ್ಲ, ಆದೇಶದ ಹತ್ತಿರ ಕರ್ಕೊಂಡು ಹೋಗೋ ದಾರಿ. ಟಿಕೆಟ್ ತೆಗೆಯೋ ಮೊದಲು, ಹೊರಡೋ ಹಿಂದಿನ ದಿನ, ಎರಡು ಸಲವೂ ಮೂಲ ನೋಡಲೇಬೇಕು ಅಂತ ಅಲ್ಲೇ ದಪ್ಪಕ್ಷರದಲ್ಲಿ ಬರೆಯೋಣ.

"ಕೋವಿಡ್ ಮುಗೀತಲ್ಲ, ಈಗ್ಯಾಕೆ?" ಹೌದು, ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ಕ್ಕೆ ತುರ್ತುಸ್ಥಿತಿ ಮುಗೀತು ಅಂತು. ಆದ್ರೆ ಮುಗೀತು ಅಂದ್ಕೊಂಡಾಗಲೆಲ್ಲ ಏನಾಯ್ತು ನೋಡಿ. ಏರ್ ಸುವಿಧಾ 2022ರ ನವೆಂಬರ್ 22ಕ್ಕೆ ನಿಂತಿತು. ನಲವತ್ತೇ ದಿನದಲ್ಲಿ, 2023ರ ಜನವರಿ 1ಕ್ಕೆ, ಚೀನಾ, ಜಪಾನ್, ಸಿಂಗಾಪುರ ಸೇರಿ ಆರು ಕಡೆಯಿಂದ ಬರೋರಿಗೆ ಮತ್ತೆ ಬಂತು. 2024ರ ಆಗಸ್ಟ್‌ನಲ್ಲಿ ಎಂಪಾಕ್ಸ್ ಹೆಸರಲ್ಲಿ ಮತ್ತೊಂದು ಜಾಗತಿಕ ತುರ್ತುಸ್ಥಿತಿ ಘೋಷಣೆಯಾಯ್ತು. ಮುಂದಿನದು ಯಾವುದೋ ಯಾವಾಗಲೋ. ಮಳೆ ಬಂದ ದಿನ ಕೊಡೆ ಹೊಲಿಯೋಕೆ ಕೂರಬಾರದು. ಪುಟ ಕಟ್ಟೋಕೆ, ರೂಢಿ ಮಾಡ್ಕೊಳ್ಳೋಕೆ ನಿಯಮಗಳು ತಣ್ಣಗಿರೋ ಈ ಹೊತ್ತೇ ಸರಿ. ವೀಸಾ ನಿಯಮಗಳಂತೂ ಸೋಂಕು ಇಲ್ಲದಿದ್ರೂ ಬದಲಾಗ್ತಾನೇ ಇರ್ತವೆ, ಪುಟ ಖಾಲಿ ಕೂರಲ್ಲ.

ಕೋವಿಡ್ ಕಾಲದಲ್ಲಿ ತಲುಪಬೇಕಾದ ಕಡೆ ತಲುಪಿದ ಎಷ್ಟೋ ಜನ ನಮಗಿಂತ ಬುದ್ಧಿವಂತರೇನಲ್ಲ. ಅವರಿಗೊಬ್ಬ ಅಣ್ಣ ಅಮೆರಿಕದಲ್ಲಿದ್ದ, ಅಥವಾ ಚಿಕ್ಕಪ್ಪ ವಿಮಾನ ಕಂಪನಿಯಲ್ಲಿದ್ದ. ಸರಿಯಾದ ದಿನ ಸರಿಯಾದ ಮಾಹಿತಿ ಫೋನಿನಲ್ಲಿ ಬಂತು. ಅಂಥ ಅಣ್ಣ ಇಲ್ಲದ ಹುಡುಗ ಹುಡುಗಿಯರು ನಮ್ಮ ಕಾಲೇಜಲ್ಲಿ ಅರ್ಧಕ್ಕಿಂತ ಜಾಸ್ತಿ ಇದ್ದೀವಿ. ಅವರಿಗೆಲ್ಲ ಆ ಅಣ್ಣ ಆಗೋಕೆ ಒಂದು ಸಂಘಕ್ಕೆ ಆಗುತ್ತೆ. ಮುಂದಿನ ಸಂಘದ ಸಭೆಯಲ್ಲಿ ಈ ಪ್ರಸ್ತಾಪ ಇಡ್ತೀನಿ. ಜರ್ಮನಿ, ಅಮೆರಿಕ, ಕೆನಡಾ ಪುಟಗಳಿಂದ ಶುರು ಮಾಡೋಣ. ಜಿಆರ್‌ಇಗೆ ಓದ್ತಿರೋರು, ಇಂಗ್ಲಿಷ್‌ನಿಂದ ಕನ್ನಡಕ್ಕೆ ಸಲೀಸಾಗಿ ಬರೆಯೋರು, ಒಂದು ಸಣ್ಣ ಸೈಟ್ ಕಟ್ಟೋ ಕೈ ಇರೋರು ಬನ್ನಿ. ಕೆಲಸ ಇದೆ.